ಕ್ಯಾರವಾನ್‌ನ ಜೋಡಿ ಟಯರ್‌ಗೆ ಯಾವ ವಾಲ್ವ್ ಹಾಕಿಸಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಚಿಕ್ಕಮಗಳೂರು. ಹಳೇ ಮಿನಿ ಬಸ್ಸೊಂದನ್ನು ಕ್ಯಾರವಾನ್ ಮಾಡಿಸಿಕೊಂಡು ಕೆಲವು ವರ್ಷ ಆಯಿತು. ಗಾಡಿ ನೋಡಲು ಬಂದವರು ಮೊದಲು ಕೇಳುವುದು ಮಂಚ ಎಲ್ಲಿದೆ, ಟಾಯ್ಲೆಟ್ ಎಲ್ಲಿದೆ ಅಂತ. ಆಮೇಲೆ ತಾವೂ ಒಂದು ಮಾಡಿಸಿಕೊಂಡು ಎರಡು ಟ್ರಿಪ್ ಹೋಗಿ ಬಂದ ಮೇಲೆ ಫೋನ್ ಮಾಡಿ ಕೇಳುವುದೇ ಬೇರೆ: "ಹಿಂದಿನ ಒಳಗಿನ ಟಯರ್‌ಗೆ ಗಾಳಿ ಹೇಗೆ ಹೊಡೆಸ್ತೀರಾ?" ಹಾಸನದಿಂದ, ಬೇಲೂರಿನಿಂದ, ಸಕಲೇಶಪುರದಿಂದ ಇದೇ ಪ್ರಶ್ನೆ. ಹೇಳಿ ಹೇಳಿ ಬಾಯಿ ಒಣಗಿದ್ದರಿಂದ ಬರೆದೇ ಇಡುತ್ತಿದ್ದೇನೆ.

ಪ್ರಶ್ನೆ: ವಾಲ್ವ್ ಅನ್ನುವುದು ಬೆರಳುದ್ದದ ಸಾಮಾನು. ಅದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ?

ಜೋಡಿ ಟಯರ್, ಅಂದರೆ ಹಿಂದೆ ಒಂದೊಂದು ಕಡೆಗೂ ಎರಡೆರಡು ಟಯರ್ ಇದ್ದರೆ ಬೇಕು. ನಿಮ್ಮ ಟಯರ್‌ನ ಪಕ್ಕದಲ್ಲಿ 113/111 ಅಂತಲೋ 121/120 ಅಂತಲೋ ಎರಡು ಸಂಖ್ಯೆ ಇರುತ್ತದೆ, ಒಮ್ಮೆ ಬಗ್ಗಿ ನೋಡಿ. ಮೊದಲನೆಯದು ಟಯರ್ ಒಂಟಿಯಾಗಿದ್ದಾಗ ಹೊರುವ ಭಾರದ ಗುರುತು, ಎರಡನೆಯದು ಜೋಡಿಯಲ್ಲಿದ್ದಾಗ. 113 ಅಂದರೆ 1150 ಕೆಜಿ, 111 ಅಂದರೆ 1090 ಕೆಜಿ. ಅಂದರೆ ಜೋಡಿ ಸೇರಿ 2180 ಕೆಜಿ ಹೊರಬಹುದು. ಈಗ ಒಳಗಿನದು ಸದ್ದಿಲ್ಲದೆ ಗಾಳಿ ಬಿಟ್ಟಿತು ಅನ್ನಿ. ಗಾಡಿ ವಾಲುವುದಿಲ್ಲ, ಸ್ಟೀರಿಂಗ್ ಎಳೆಯುವುದಿಲ್ಲ, ಕನ್ನಡಿಯಲ್ಲಿ ನೋಡಿದರೆ ಹೊರಗಿನ ಟಯರ್ ದುಂಡಗೇ ಕಾಣುತ್ತದೆ, ಆದರೆ 1150 ಕೆಜಿಯ ಆ ಒಂಟಿ ಟಯರ್ ಇಬ್ಬರ ಭಾರವನ್ನೂ ಹೊತ್ತು ಓಡುತ್ತಿರುತ್ತದೆ. ಒಳಗಿನದು ಮಡಚಿ ಉಜ್ಜಿಕೊಂಡು ಕಾಯುತ್ತದೆ. ಹೀಗೇ ಮುಂದುವರಿದರೆ ಒಂದು ಸಿಡಿಯುತ್ತದೆ, ಇಲ್ಲವಾದರೆ ಹೊಗೆ ಬರುತ್ತದೆ. ಟಯರ್ ಬೆಂಕಿ ಒಮ್ಮೆ ಹತ್ತಿದರೆ ಗಾಡಿಯಲ್ಲಿರುವ ಬೆಂಕಿ ಆರಿಸುವ ಸಣ್ಣ ಸಿಲಿಂಡರ್‌ನಿಂದ ಆರುವುದು ಕಷ್ಟ.

ಇದನ್ನೆಲ್ಲ ತಪ್ಪಿಸುವುದು ಸುಲಭ. ವಾರಕ್ಕೊಮ್ಮೆ ಒಳಗಿನ ಟಯರ್‌ಗೆ ಗೇಜ್ ಇಟ್ಟು ನೋಡಿದರೆ ಸಾಕು. ಆದರೆ ವಾಲ್ವ್ ಕೈಗೆ ಸಿಗದಿದ್ದರೆ ಯಾರು ನೋಡುತ್ತಾರೆ ಹೇಳಿ? ಮೊದಲ ವಾರ ನೋಡುತ್ತಾರೆ, ಎರಡನೇ ವಾರ ಮೊಣಕೈ ಮಸಿ ಮಾಡಿಕೊಂಡು ಬೈಯುತ್ತಾ ನೋಡುತ್ತಾರೆ, ಮೂರನೇ ವಾರದಿಂದ "ಇರುತ್ತೆ ಬಿಡು" ಅಂತಾರೆ. ಯಾವ ವಾಲ್ವ್ ಅನ್ನುವ ಪ್ರಶ್ನೆ ಇರುವುದೇ ಇಲ್ಲಿ. ಗಾಳಿ ನೋಡುವುದು ನಿಮಗೆ ಬೇಜಾರಾಗಬಾರದು, ಹಾಗೇ ವಾಲ್ವ್ ಸೋರಲೂಬಾರದು.

ಪ್ರಶ್ನೆ: ಕಾರಿನಲ್ಲಿ ವಾಲ್ವ್ ಎದುರಿಗೇ ಇರುತ್ತದೆ. ಇದರಲ್ಲಿ ಯಾಕೆ ಸಿಗುವುದಿಲ್ಲ?

ಎರಡು ಬಾಣಲೆಗಳನ್ನು ತಳಕ್ಕೆ ತಳ ತಾಗಿಸಿ ಹಿಡಿದುಕೊಳ್ಳಿ. ಜೋಡಿ ಚಕ್ರದ ಡಿಸ್ಕ್‌ಗಳು, ಅಂದರೆ ಟಯರ್ ಕೂರುವ ಲೋಹದ ಚಕ್ರಗಳು, ಹಾಗೇ ಕೂತಿರುತ್ತವೆ. ವಾಲ್ವ್ ಇರುವುದು ಬಾಣಲೆಯ ತಳದ ಕಡೆ. ಹಾಗಾಗಿ ಒಳಗಿನ ಚಕ್ರದ ವಾಲ್ವ್ ನಿಮ್ಮ ಕಡೆಗೇ ನೋಡುತ್ತದೆ, ಆದರೆ ಅಡ್ಡಕ್ಕೆ ಹೊರಗಿನ ಚಕ್ರ ನಿಂತಿರುತ್ತದೆ. ಅದರ ಡಿಸ್ಕ್‌ನ ಕಿಂಡಿಯೊಳಗೆ ಕೈ ತೂರಿಸಬೇಕು. ಹೊರಗಿನ ಚಕ್ರದ್ದು ಇನ್ನೂ ತಮಾಷೆ. ಅದರ ವಾಲ್ವ್ ನಿಮಗೆ ಬೆನ್ನು ಹಾಕಿ ಗಾಡಿಯ ಒಳಗಡೆ ಮುಖ ಮಾಡಿರುತ್ತದೆ. ಗೇಜನ್ನು ಕಿಂಡಿಯೊಳಗೆ ಹಾಕಿ ಹಿಂದಕ್ಕೆ ಎಳೆದು ಒತ್ತಬೇಕು. ಲಾರಿಯವರ ಗೇಜ್‌ಗೆ ಎರಡು ತಲೆ ಇರುವುದು ಅದಕ್ಕೇ, ಒಂದು ಮುಂದಕ್ಕೆ ಒತ್ತಲು, ಇನ್ನೊಂದು ಹಿಂದಕ್ಕೆ ಎಳೆದು ಒತ್ತಲು.

ಪ್ರಶ್ನೆ: ಕಾರಿಗೆ ಹಾಕುವ ರಬ್ಬರ್ ವಾಲ್ವ್ ಸಾಲದಾ? ಪಂಕ್ಚರ್ ಅಂಗಡಿಯವರು "ಎಲ್ಲದಕ್ಕೂ ಅದೇ ಸಾರ್" ಅಂತಾರೆ.

ಎಲ್ಲದಕ್ಕೂ ಅದೇ ಅಲ್ಲ. ಕಾರಿನಲ್ಲಿ ಕಾಣುವ, ತೂತಿನಲ್ಲಿ ಎಳೆದು ಕೂರಿಸುವ ರಬ್ಬರ್ ವಾಲ್ವ್ ಟಿಆರ್ 413, ಸ್ವಲ್ಪ ಉದ್ದದ್ದು ಟಿಆರ್ 418. ಇವುಗಳ ಮಿತಿ 65 ಪಿಎಸ್‌ಐ. ಕಾರಿಗೆ 33 ಹಾಕುವವರಿಗೆ ಅದು ಧಾರಾಳ. ಮಿನಿ ಬಸ್ ಗಾತ್ರದ ಗಾಡಿ ಸುಲಭವಾಗಿ 80 ಕೇಳುತ್ತದೆ, ದೊಡ್ಡ ಬಸ್ಸಾದರೆ 100 ದಾಟುತ್ತದೆ. ಟಿಆರ್ 600 ಎಚ್‌ಪಿ ತರಹದ, ಜಾಸ್ತಿ ಒತ್ತಡಕ್ಕೆಂದೇ ಮಾಡಿದ ರಬ್ಬರ್ ವಾಲ್ವ್‌ಗಳೂ ಇವೆ, 80ರಿಂದ 100ರವರೆಗೆ ತಡೆಯುತ್ತವೆ. ಆದರೂ ನನ್ನ ಮಟ್ಟಿಗೆ ಜೋಡಿ ಚಕ್ರಕ್ಕೆ ರಬ್ಬರ್ ಬೇಡ. ಯಾಕೆಂದರೆ ಇವತ್ತು ಬರೀ ವಾಲ್ವ್ ಇರುತ್ತದೆ, ನಾಳೆ ಅದರ ತಲೆಗೆ ಉದ್ದ ಮಾಡುವ ಒಂದು ಎಕ್ಸ್‌ಟೆನ್ಶನ್ ಪೈಪ್ ಬರುತ್ತದೆ, ನಾಡಿದ್ದು ಗಾಳಿ ತೋರಿಸುವ ಒಂದು ಸೆನ್ಸರ್. ಚಕ್ರ ತಿರುಗುವಾಗ ಆ ತೂಕ ಹೊರಕ್ಕೆ ಎಳೆಯುತ್ತಲೇ ಇರುತ್ತದೆ. ರಬ್ಬರ್ ಬುಡದಲ್ಲಿ ಬಾಗಿ ಬಾಗಿ ಬಿರುಕು ಬಿಡುತ್ತದೆ.

ರಬ್ಬರ್ ಬಿರುಕು ಬಿಡಲು ತೂಕವೇ ಬೇಕು ಅಂತಲೂ ಇಲ್ಲ. 2008ರಲ್ಲಿ ಅಮೆರಿಕದಲ್ಲಿ ಇದೇ ಟಿಆರ್ 413 ವಾಲ್ವ್‌ಗಳ ಒಂದು ದೊಡ್ಡ ರಾಶಿಯನ್ನು ಬಿರುಕು ಬಿಡುತ್ತವೆ ಅಂತ ವಾಪಸ್ ಕರೆಯಬೇಕಾಯಿತು. ನಿಮ್ಮ ವಾಲ್ವನ್ನು ಬೆರಳಿನಿಂದ ಪಕ್ಕಕ್ಕೆ ಬಗ್ಗಿಸಿ ಬುಡ ನೋಡಿ. ಒಣಗಿದ ಕೆರೆಯ ಮಣ್ಣಿನ ಹಾಗೆ ಗೆರೆ ಕಂಡರೆ ಅದರ ಕಾಲ ಮುಗಿಯಿತು.

ಪ್ರಶ್ನೆ: ಎಕ್ಸ್‌ಟೆನ್ಶನ್ ಪೈಪ್ ಹಾಕಿಸಿದರೆ ಎರಡೂ ವಾಲ್ವ್ ಹೊರಗೇ ಬಂದುಬಿಡುತ್ತವಲ್ಲ? ಅದೇ ಸುಲಭ ಅಲ್ವಾ?

ನಾನೂ ಹಾಗೇ ಅಂದುಕೊಂಡಿದ್ದೆ. ಮೊದಲು ಮಾಡಿಸಿದ್ದೂ ಅದೇ. ಸ್ಟೀಲ್ ಜಾಲರಿ ಹೊದಿಸಿದ ಮೆತ್ತನೆ ಪೈಪ್, ಒಂದು ತುದಿ ವಾಲ್ವ್‌ಗೆ, ಇನ್ನೊಂದು ತುದಿ ಕಿಂಡಿಯಿಂದ ಹೊರಗೆ. ನೋಡಲು ಚೆಂದ, ಗಾಳಿ ಹಾಕಲು ಒಂದೇ ನಿಮಿಷ. ಆರು ತಿಂಗಳು ಊರಿಗೆಲ್ಲಾ ಹೊಗಳಿಕೊಂಡು ಓಡಾಡಿದೆ.

ಒಂದು ಸಲ ಧರ್ಮಸ್ಥಳಕ್ಕೆ ಹೊರಟು ಕೊಟ್ಟಿಗೆಹಾರದಲ್ಲಿ ಟೀ ಕುಡಿಯಲು ನಿಲ್ಲಿಸಿದೆವು. ಇಳಿದಾಗ ಹಿಂದಿನಿಂದ ರಬ್ಬರ್ ಸುಟ್ಟ ವಾಸನೆ. ಬ್ರೇಕ್ ಇರಬೇಕು ಅಂದುಕೊಂಡೆ. ಹೆಂಡತಿ ಮಾತ್ರ ಬಿಡಲಿಲ್ಲ, "ಇನ್ನೂ ಘಾಟಿ ಇಳಿದೇ ಇಲ್ಲ, ಬ್ರೇಕ್ ಯಾಕ್ರೀ ಕಾಯುತ್ತೆ?" ಅಂದಳು. ಸರಿಯಾದ ಪ್ರಶ್ನೆ! ಗೇಜ್ ಇಟ್ಟರೆ ಎಡಗಡೆ ಒಳಗಿನ ಟಯರ್‌ನಲ್ಲಿ ಏನೂ ಇಲ್ಲ, ಸೊನ್ನೆ. ಚಾರ್ಮಾಡಿ ಇಳಿಯಲು ಶುರು ಮಾಡಿದ್ದರೆ ಏನಾಗುತ್ತಿತ್ತೋ.

ಬಿಚ್ಚಿ ನೋಡಿದಾಗ ಟಯರ್‌ನಲ್ಲಿ ಮೊಳೆ ಇಲ್ಲ, ಕಲ್ಲಿಲ್ಲ. ಪೈಪ್ ಡಿಸ್ಕ್‌ನ ಕಿಂಡಿಯ ಅಂಚಿಗೆ ಉಜ್ಜಿ ಉಜ್ಜಿ ಸವೆದಿತ್ತು. ಹಾಕಿಕೊಟ್ಟವರು ಅದನ್ನು ಬಿಗಿಯಾಗಿ ಹಿಡಿಯುವ ಕ್ಲಾಂಪ್ ಹಾಕದೆ ಪ್ಲಾಸ್ಟಿಕ್ ಟೈ ಕಟ್ಟಿ ಕಳಿಸಿದ್ದರು. ಅವರನ್ನು ಮಾತ್ರ ಬೈದು ಏನು ಪ್ರಯೋಜನ, ಆರು ತಿಂಗಳಲ್ಲಿ ನಾನೂ ಒಮ್ಮೆಯೂ ಬಗ್ಗಿ ನೋಡಿರಲಿಲ್ಲ.

ಆಮೇಲೆ ಅರ್ಥವಾದ ವಿಷಯ ಇದು. ಮಾಮೂಲಿ ವಾಲ್ವ್‌ನಲ್ಲಿ ಗಾಳಿ ತಡೆಯುವುದು ಒಳಗಿನ ಪಿನ್, ಅದರ ಮೇಲೆ ಕ್ಯಾಪ್. ಇಂಥ ಪೈಪ್ ಹಾಕಿದಾಗ ಅದರ ಬುಡದ ಕಡ್ಡಿ ಮೂಲ ಪಿನ್ನನ್ನು ಸದಾ ಒತ್ತಿ ತೆರೆದೇ ಇಟ್ಟಿರುತ್ತದೆ. ಅಲ್ಲಿಂದ ಮುಂದೆ ಪೈಪ್, ಎರಡು ಜೋಡಣೆ, ಒಂದು ರಬ್ಬರ್ ಉಂಗುರ, ತುದಿಯಲ್ಲಿ ಇನ್ನೊಂದು ಪಿನ್, ಇಷ್ಟೂ ಸೇರಿ ಗಾಳಿ ಹಿಡಿದುಕೊಂಡಿರಬೇಕು. ಇವುಗಳಲ್ಲಿ ಯಾವುದೇ ಒಂದು ಕೈಕೊಟ್ಟರೂ ಟಯರ್ ಖಾಲಿ. ಜೋಡಣೆ ಜಾಸ್ತಿಯಾದಷ್ಟೂ ಸೋರುವ ಜಾಗ ಜಾಸ್ತಿ.

ಇಷ್ಟಾದರೂ ಪೈಪೇ ಬೇಕು ಅನ್ನುವವರು ತುದಿಯನ್ನು ಡಿಸ್ಕ್‌ಗೆ ಗಟ್ಟಿಯಾಗಿ ಕಚ್ಚಿಸಿ ಹಿಡಿಯುವ ಬ್ರಾಕೆಟ್ ಹಾಕಿಸಿ. ಪೈಪ್ ಅಲುಗಬಾರದು, ಎಲ್ಲೂ ತಾಗಬಾರದು. ಎಸ್ಟೇಟ್ ರಸ್ತೆಯಲ್ಲಿ ಓಡಾಡುವವರಿಗೆ ನಾನು ಬೇಡ ಅಂತಲೇ ಹೇಳುತ್ತೇನೆ. ಎರಡು ಟಯರ್ ನಡುವೆ ಕಲ್ಲು ಸಿಕ್ಕಿಕೊಳ್ಳುವುದು ಅಲ್ಲಿ ದಿನನಿತ್ಯದ ಕಥೆ.

ಪ್ರಶ್ನೆ: ಹಾಗಾದರೆ ಈಗ ನಿಮ್ಮ ಗಾಡಿಯಲ್ಲಿ ಏನಿದೆ?

ಒಂದೇ ತುಂಡಿನ ಲೋಹದ ವಾಲ್ವ್. ಹಿತ್ತಾಳೆಯದು, ಮೇಲೆ ನಿಕಲ್ ಲೇಪ. ಡಿಸ್ಕ್‌ನ ತೂತಿನಲ್ಲಿ ಗ್ರೊಮೆಟ್ ಅನ್ನುವ ರಬ್ಬರ್ ಬಳೆ ಕೂರಿಸಿ ನಟ್ ಬಿಗಿಯುವ ಜಾತಿ. ಒಳಗಿನ ಚಕ್ರಕ್ಕೆ ಉದ್ದದ ನೇರ ವಾಲ್ವ್, ಹೊರಗಿನ ಚಕ್ರದ ಕಿಂಡಿಯವರೆಗೆ ಬರುತ್ತದೆ. ಹೊರಗಿನ ಚಕ್ರಕ್ಕೆ ಕೊಡೆಯ ಹಿಡಿಯ ಹಾಗೆ ಬಾಗಿದ್ದು. ಒಳಮುಖವಾಗಿ ಹೊರಟು, ತಿರುಗಿ, ಕಿಂಡಿಯಿಂದ ಹೊರಗೆ ಇಣುಕುತ್ತದೆ. ಮಧ್ಯೆ ಜೋಡಣೆ ಇಲ್ಲ, ಪಿನ್ ಒಂದೇ, ಅದೂ ತುದಿಯಲ್ಲಿ. ಅಮೆರಿಕದಲ್ಲಿ ಮೋಟರ್‌ಹೋಂ ಇಟ್ಟವರಿಗೆ ಆಯಾ ಗಾಡಿಗೆ ತಕ್ಕಂತೆ ಬಗ್ಗಿಸಿದ ಇಂಥ ವಾಲ್ವ್‌ಗಳ ಸೆಟ್ಟೇ ಸಿಗುತ್ತದೆ. ನಮ್ಮಲ್ಲಿ ಅಳತೆ ಕೊಟ್ಟು ಹುಡುಕಬೇಕು.

ಪ್ರಶ್ನೆ: ಅಂಗಡಿಗೆ ಹೋಗುವ ಮೊದಲು ಯಾವ ಅಳತೆ ತೆಗೆದುಕೊಳ್ಳಬೇಕು?

ಮೊದಲು ಡಿಸ್ಕ್‌ನಲ್ಲಿ ವಾಲ್ವ್ ಕೂರುವ ತೂತಿನ ಅಗಲ. ಕಾರು, ವ್ಯಾನ್ ಡಿಸ್ಕ್‌ಗಳಲ್ಲಿ ಸಾಮಾನ್ಯವಾಗಿ 11.5 ಮಿಮೀ, ಕೆಲವಲ್ಲಿ 16 ಮಿಮೀ ಹತ್ತಿರ. ಟ್ಯೂಬ್‌ಲೆಸ್ ಲಾರಿ, ಬಸ್ ಡಿಸ್ಕ್‌ಗಳಲ್ಲಿ 9.7 ಮಿಮೀ. ಸ್ಕೇಲ್ ಇಟ್ಟು ಅಂದಾಜು ಹೇಳಬೇಡಿ, ವರ್ನಿಯರ್ ಇರುವ ಲೇಥ್ ಅಂಗಡಿಯಲ್ಲಿ ಅಳೆಸಿ. ಚಿಕ್ಕ ವಾಲ್ವನ್ನು ದೊಡ್ಡ ತೂತಿಗೆ ದಪ್ಪ ವಾಷರ್ ಹಾಕಿ ಕೂರಿಸಿಕೊಡುತ್ತೇನೆ ಅಂದವರಿಗೆ ಕೈ ಮುಗಿದು ಬನ್ನಿ.

ಉದ್ದ ಮತ್ತು ಬಾಗು ಅಳೆಯಲು ನನ್ನ ಉಪಾಯ: ಕಟ್ಟುವ ದಪ್ಪ ತಂತಿ. ಚಕ್ರ ಗಾಡಿಯಲ್ಲೇ ಇರುವಾಗ ಈಗಿರುವ ವಾಲ್ವ್‌ನ ಬುಡದಿಂದ ಕಿಂಡಿಯ ಹೊರಗಿನವರೆಗೆ ತಂತಿಯನ್ನು ಬಗ್ಗಿಸಿ ತೆಗೆದು, ಅದನ್ನೇ ಅಂಗಡಿಗೆ ಒಯ್ಯಿರಿ. ತುದಿ ಕಿಂಡಿಯ ಅಂಚಿನಿಂದ ಒಂದಿಷ್ಟು ಹೊರಗೆ ಬಂದರೆ ಸಾಕು, ಟಯರ್‌ನ ಪಕ್ಕೆಗಿಂತ ಹೊರಗೆ ಚಾಚಬಾರದು. ಚಾಚಿದರೆ ಕಾಫಿ ತೋಟದ ಗೇಟಿನ ಕಲ್ಲುಕಂಬ ಅದನ್ನು ಮುರಿದುಕೊಂಡು ಹೋಗುತ್ತದೆ.

ಇನ್ನೊಂದು ಮುಖ್ಯ ವಿಷಯ ಬ್ರೇಕ್ ಡ್ರಮ್. ಬಾಗಿದ ವಾಲ್ವ್ ಡ್ರಮ್‌ಗೆ ತಾಗಬಾರದು, ತೀರಾ ಹತ್ತಿರವೂ ಇರಬಾರದು. ಶಿರಾಡಿ ಇಳಿದ ಮೇಲೆ ಡ್ರಮ್ ಎಷ್ಟು ಕಾಯುತ್ತದೆ ಅಂತ ನಿಮಗೇ ಗೊತ್ತು. ಹೊಸ ವಾಲ್ವ್ ಹಾಕಿದ ಮೇಲೆ ಜಾಕ್ ಮೇಲೆ ನಿಲ್ಲಿಸಿ ಚಕ್ರವನ್ನು ಕೈಯಿಂದ ಪೂರ್ತಿ ಒಂದು ಸುತ್ತು ತಿರುಗಿಸಿ, ಕಿವಿ ಕೊಟ್ಟು ಕೇಳಿ, ಆಮೇಲೆ ಬಿಲ್ ಕೊಡಿ.

ಪ್ರಶ್ನೆ: ಎರಡು ಚಕ್ರದ ವಾಲ್ವ್‌ಗಳು ಒಂದೇ ಕಿಂಡಿಯಲ್ಲಿ ಬರಬೇಕಾ, ಎದುರುಬದುರಾ?

ಎದುರುಬದುರು. ಒಂದು 12 ಗಂಟೆಯಲ್ಲಿದ್ದರೆ ಇನ್ನೊಂದು 6ರಲ್ಲಿ. ಯಾವುದು ಯಾರದ್ದು ಅಂತ ಗೊಂದಲ ಇರುವುದಿಲ್ಲ, ಕೈ ಆಡಿಸಲು ಜಾಗವೂ ಸಿಗುತ್ತದೆ. ಚಕ್ರ ಬಿಚ್ಚಿ ಹಾಕಿದಾಗಲೆಲ್ಲ ಹುಡುಗರು ಇದನ್ನು ಮರೆಯುತ್ತಾರೆ, ಪಕ್ಕದಲ್ಲಿ ನಿಂತು ನೆನಪಿಸಿ. ಒಳಗಿನ ವಾಲ್ವ್ ಕಿಂಡಿಗೆ ನೇರ ಬರದೆ ಡಿಸ್ಕ್‌ನ ಹಿಂದೆ ಅಡಗಿ ಕೂತರೆ ನಟ್ ಎಲ್ಲಾ ಮತ್ತೆ ಬಿಚ್ಚಬೇಕಾಗುತ್ತದೆ.

ಪ್ರಶ್ನೆ: ಒಳಗಿನದನ್ನು ಹೊರಗೆ, ಹೊರಗಿನದನ್ನು ಒಳಗೆ ಹಾಕಿಸಬಹುದಾ?

ಬಾಗಿದ ವಾಲ್ವ್ ಹಾಕಿಸಿದ ಮೇಲೆ ಡಿಸ್ಕ್ ಸಮೇತ ಹಾಗೆ ಮಾಡಲು ಬರುವುದಿಲ್ಲ. ಕೊಡೆಹಿಡಿ ವಾಲ್ವ್ ಒಳಗೆ ಹೋದರೆ ಡ್ರಮ್‌ಗೋ ಚಾಸಿ ಕಡೆಗೋ ಮುಖ ಮಾಡುತ್ತದೆ. ಟಯರನ್ನು ಡಿಸ್ಕ್‌ನಿಂದ ಬಿಚ್ಚಿ ಟಯರ್ ಮಾತ್ರ ಬದಲಿಸಬೇಕು. ಇದು ಈ ವಾಲ್ವ್‌ನ ದೊಡ್ಡ ಕಿರಿಕಿರಿ, ಮುಚ್ಚಿಡುವುದಿಲ್ಲ. ಸ್ಟೆಪ್ನಿಗೆ ನಾನು ಗಿಡ್ಡ ನೇರ ಲೋಹದ ವಾಲ್ವ್ ಹಾಕಿಸಿದ್ದೇನೆ. ಅದು ಎಲ್ಲಿ ಹಾಕಿದರೂ ಕೂರುತ್ತದೆ. ಗಾಳಿ ನೋಡಲು ಎರಡು ತಲೆಯ ಗೇಜ್ ಬೇಕಾಗುತ್ತದೆ, ಊರು ಮುಟ್ಟುವವರೆಗೆ ತಾನೇ, ಪರವಾಗಿಲ್ಲ.

ಪ್ರಶ್ನೆ: ನಮ್ಮದು ಟ್ಯೂಬ್ ಇರುವ ಹಳೇ ಟಯರ್. ನಮಗೆ ಇದೆಲ್ಲ ಬೇಕಾ?

ನಿಮ್ಮ ವಾಲ್ವ್ ಟ್ಯೂಬ್‌ಗೇ ಅಂಟಿಕೊಂಡು ಬರುತ್ತದೆ. ಹಾಗಾಗಿ ಡಿಸ್ಕ್‌ಗೆ ತಕ್ಕ ವಾಲ್ವ್ ಅಲ್ಲ, ಸರಿಯಾದ ವಾಲ್ವ್ ಇರುವ ಟ್ಯೂಬ್ ಆರಿಸಬೇಕು. ಹಳೇ ಟ್ಯೂಬ್ ಮೇಲೆ ಅಥವಾ ವಾಲ್ವ್ ಬುಡದಲ್ಲಿ ಟಿಆರ್ ಅಂತ ಶುರುವಾಗುವ ಸಂಖ್ಯೆ ಇರುತ್ತದೆ, ಅದನ್ನೇ ಕೇಳಿ. ಬಾಗು ಬೇರೆ ಇದ್ದರೆ ಹೊರಗಿನ ಚಕ್ರದಲ್ಲಿ ಕೈಗೆ ಸಿಗುವುದೇ ಇಲ್ಲ. ರೇಡಿಯಲ್ ಟಯರ್ ಆಗಿದ್ದರೆ ರೇಡಿಯಲ್ ಟ್ಯೂಬೇ ಆಗಬೇಕು. ಟ್ಯೂಬ್ ಬದಲಿಸುವಾಗ ಫ್ಲ್ಯಾಪ್ (ಟ್ಯೂಬ್‌ಗೂ ಡಿಸ್ಕ್‌ಗೂ ನಡುವೆ ಕೂರುವ ರಬ್ಬರ್ ಪಟ್ಟಿ) ಕೂಡ ಹೊಸದು ಹಾಕಿಸಿ.

ಒಂದು ಲಕ್ಷಣ ನೆನಪಿಡಿ. ನೇರವಾಗಿದ್ದ ವಾಲ್ವ್ ದಿನ ಕಳೆದಂತೆ ಓರೆಯಾಗುತ್ತಿದ್ದರೆ ಟಯರ್ ಡಿಸ್ಕ್ ಮೇಲೆ ಜಾರುತ್ತಿದೆ, ಟ್ಯೂಬನ್ನೂ ಜೊತೆಗೆ ಎಳೆಯುತ್ತಿದೆ ಅಂತ. ಸಾಮಾನ್ಯವಾಗಿ ಕಾರಣ ಕಡಿಮೆ ಗಾಳಿ. ಹಾಗೇ ಬಿಟ್ಟರೆ ವಾಲ್ವ್ ಬುಡದಲ್ಲೇ ಟ್ಯೂಬ್ ಹರಿಯುತ್ತದೆ, ಅದಕ್ಕೆ ಪ್ಯಾಚ್ ನಿಲ್ಲುವುದಿಲ್ಲ.

ಪ್ರಶ್ನೆ: ಗಾಳಿ ತೋರಿಸುವ ಸೆನ್ಸರ್ ಹಾಕಿಸಿದರೆ ಗೇಜೇ ಬೇಡ ಅಲ್ವಾ?

ಸೆನ್ಸರ್ ಹಾಕಿಸಿ, ಒಳ್ಳೆಯದೇ. ಕೊಟ್ಟಿಗೆಹಾರದ ದಿನ ಅದಿದ್ದಿದ್ದರೆ ಮೂಡಿಗೆರೆಗೆ ಮುಂಚೆಯೇ ಕೂಗಿಕೊಳ್ಳುತ್ತಿತ್ತು. ಆದರೆ ಕ್ಯಾಪ್ ಜಾಗದಲ್ಲಿ ತಿರುಗಿಸಿ ಹಾಕುವ ಸೆನ್ಸರ್‌ಗೆ ಲೋಹದ ವಾಲ್ವ್ ಇರಲೇಬೇಕು. ಅದೂ ವಾಲ್ವ್‌ನ ಪಿನ್ ಒತ್ತಿ ತೆರೆದಿಟ್ಟೇ ಕೆಲಸ ಮಾಡುತ್ತದೆ, ಹಾಗಾಗಿ ಸೆನ್ಸರ್‌ನ ಒಳಗಿನ ರಬ್ಬರ್ ಹಳತಾದರೆ ಅಲ್ಲೇ ಸೋರಿಕೆ. ಕೂರಿಸಿದ ಮೇಲೆ ಸೋಪಿನ ನೀರು ಹಾಕಿ ನೋಡಿ.

ಡಿಸ್ಕ್ ಒಳಗೆ ಕೂರುವ ಅಲ್ಯೂಮಿನಿಯಂ ವಾಲ್ವ್‌ನ ಸೆನ್ಸರ್ ಆದರೆ ಪಿನ್ ಬದಲಿಸುವಾಗ ನಿಕಲ್ ಲೇಪದ ಪಿನ್ನೇ ಹಾಕಿಸಿ. ಬರೀ ಹಿತ್ತಾಳೆ ಪಿನ್ ಹಾಕಿದರೆ ನಮ್ಮ ಮಳೆಗಾಲದಲ್ಲಿ ಎರಡೂ ಲೋಹ ಕಚ್ಚಿಕೊಂಡು, ಬಿಚ್ಚಲು ಹೋದಾಗ ವಾಲ್ವೇ ಮುರಿದು ಕೈಗೆ ಬರುತ್ತದೆ.

ಪ್ರಶ್ನೆ: ನಮ್ಮ ಡ್ರೈವರ್ ರಾಡಿನಿಂದ ಬಡಿದು ಸದ್ದು ಕೇಳಿಯೇ ಹೇಳುತ್ತಾನೆ.

ಪೂರ್ತಿ ಖಾಲಿಯಾಗಿದ್ದರೆ ಹೇಳಬಹುದು. 80 ಇರಬೇಕಾದ ಕಡೆ 60 ಇದ್ದರೆ ಯಾರ ಕಿವಿಗೂ ತಿಳಿಯುವುದಿಲ್ಲ. ಇರಬೇಕಾದ ಗಾಳಿಯ ಶೇಕಡ 80ಕ್ಕೂ ಕೆಳಗೆ ಓಡಿದ ಟಯರನ್ನು ಟಯರ್ ಕೆಲಸದವರು ಖಾಲಿ ಓಡಿದ ಟಯರ್ ಅಂತಲೇ ಲೆಕ್ಕ ಹಾಕುತ್ತಾರೆ. ಅಂದರೆ 80ರ ಟಯರ್‌ಗೆ 64. ಅಂಥದ್ದಕ್ಕೆ ಸುಮ್ನೆ ಗಾಳಿ ತುಂಬಿ ಹೊರಡಬಾರದು, ಬಿಚ್ಚಿ ಒಳಗೆ ನೋಡಬೇಕು.

ಪ್ರಶ್ನೆ: ಮಂಗಳೂರಿನಲ್ಲಿ ಗಾಳಿ ಹಾಕಿಸಿ ಇಲ್ಲಿಗೆ ಬಂದರೆ ಗೇಜ್ ಬೇರೆ ತೋರಿಸುತ್ತದೆ. ವಾಲ್ವ್ ಸೋರುತ್ತಿದೆಯಾ?

ಇರಲಿಕ್ಕಿಲ್ಲ. ಇಲ್ಲಿ ಎರಡು ಸಂಗತಿ ಎದುರುಬದುರು ಎಳೆಯುತ್ತವೆ. ಎತ್ತರಕ್ಕೆ ಬಂದಂತೆ ಹೊರಗಿನ ಗಾಳಿಯ ಒತ್ತಡ ಕಡಿಮೆ, ಹಾಗಾಗಿ ಗೇಜ್ ಸ್ವಲ್ಪ ಜಾಸ್ತಿ ತೋರಿಸಬೇಕು. ಪ್ರತಿ ಸಾವಿರ ಅಡಿಗೆ ಸುಮಾರು ಅರ್ಧ ಪಿಎಸ್‌ಐ. ಮುಳ್ಳಯ್ಯನಗಿರಿಯ 1930 ಮೀಟರ್ ಲೆಕ್ಕಕ್ಕೆ ಹಿಡಿದರೂ ಹೆಚ್ಚುವುದು 3 ಮಾತ್ರ. ಇನ್ನೊಂದು ಕಡೆ ಚಳಿ. 80ರ ಟಯರ್‌ನಲ್ಲಿ 10 ಡಿಗ್ರಿ ಇಳಿದರೆ ಸುಮಾರು 3 ಪಿಎಸ್‌ಐ ಇಳಿಯುತ್ತದೆ. ಕರಾವಳಿಯ ಮಧ್ಯಾಹ್ನದಲ್ಲಿ ಹಾಕಿಸಿದ್ದನ್ನು ಗಿರಿ ಕಡೆಯ ಡಿಸೆಂಬರ್ ಬೆಳಗಿನಲ್ಲಿ ಅಳೆದರೆ ಚಳಿಯೇ ಗೆಲ್ಲುತ್ತದೆ, ಗೇಜ್ ಕೆಳಗೆ ತೋರಿಸುತ್ತದೆ.

ಸೋರಿಕೆಯಾ ಹವೆಯಾ ಅಂತ ತಿಳಿಯಲು ಎಲ್ಲ ಟಯರ್‌ಗಳನ್ನೂ ಹೋಲಿಸಿ. ಎಲ್ಲದರಲ್ಲೂ 2-3 ಇಳಿದಿದ್ದರೆ ಹವೆ. ಒಂದರಲ್ಲೇ ಇಳಿದಿದ್ದರೆ ಅದರದ್ದೇ ಸಮಸ್ಯೆ. ಅಳೆಯುವುದು ಯಾವಾಗಲೂ ಬೆಳಿಗ್ಗೆ, ಗಾಡಿ ಹೊರಡುವ ಮುಂಚೆ. ಬಿಸಿಲಿನಲ್ಲಿ ಓಡಿಸಿ ಬಂದು ಜಾಸ್ತಿ ಇದೆ ಅಂತ ಗಾಳಿ ಬಿಡಬೇಡಿ. ಜೋಡಿಯ ಎರಡು ಟಯರ್‌ಗಳ ನಡುವೆ 5ಕ್ಕಿಂತ ಜಾಸ್ತಿ ವ್ಯತ್ಯಾಸ ಇರದ ಹಾಗೆ ನೋಡಿಕೊಳ್ಳಿ.

ಪ್ರಶ್ನೆ: ಕ್ಯಾಪ್ ಪ್ಲಾಸ್ಟಿಕ್ ಆದರೆ ನಡೆಯುತ್ತದಾ?

ಕಾರಿಗೆ ನಡೆಯುತ್ತದೆ. ಇಲ್ಲಿ ಒಳಗೆ ರಬ್ಬರ್ ಇರುವ ಲೋಹದ ಕ್ಯಾಪ್ ಹಾಕಿ. ಪಿನ್ ಕೈಕೊಟ್ಟರೆ ತಡೆಯುವುದು ಅದೇ. ಕ್ಯಾಪ್ ಇಲ್ಲದೆ ಒಂದು ಮಳೆಗಾಲ ಓಡಿಸಿದರೆ ಕೆಸರು ಪಿನ್‌ನೊಳಗೇ ಕೂರುತ್ತದೆ.

ಪ್ರಶ್ನೆ: ಹಾಸನದಲ್ಲಿ ಎಲ್ಲಿ ಸಿಗುತ್ತದೆ?

ಬಿ.ಎಂ. ರಸ್ತೆಯಲ್ಲಿ ಕಾರಿನ ಅಲಾಯ್ ವೀಲ್ ಜೋಡಿಸಿಟ್ಟ ಚೆಂದದ ಅಂಗಡಿಗೆ ಹೋದರೆ ಟಿಆರ್ 413 ಕೊಡುತ್ತಾರೆ. ನೀವು ಹೋಗಬೇಕಾದ್ದು ಲಾರಿ, ಬಸ್ಸು ಸಾಲುಗಟ್ಟಿ ನಿಲ್ಲುವ ಟಯರ್ ಅಂಗಡಿಗೆ. ತಂತಿಯ ಅಳತೆ, ಹಳೇ ವಾಲ್ವ್ ಎರಡನ್ನೂ ಒಯ್ಯಿರಿ. ಅವರ ಬಳಿ ಇಲ್ಲದಿದ್ದರೆ ಬೆಂಗಳೂರಿನಿಂದ ತರಿಸಿಕೊಡುತ್ತಾರೆ, ಎರಡು ದಿನ ಕಾಯಿರಿ. ಇರುವುದನ್ನೇ ಹಾಕಿಕೊಡಿ ಅಂತ ಅವಸರ ಮಾಡಬೇಡಿ.

ಪ್ರಶ್ನೆ: ನಾನೇ ಬದಲಿಸಿಕೊಳ್ಳಬಹುದಾ?

ಪಿನ್ ಬದಲಿಸಬಹುದು. ಕಾರು, ಬೈಕು, ಲಾರಿ ಎಲ್ಲದರ ಪಿನ್‌ಗೂ ಥ್ರೆಡ್ ಒಂದೇ; ಆಗಸ್ಟ್ ಶ್ರೇಡರ್ ಎಂಬುವರು 1893ರಲ್ಲಿ ಪೇಟೆಂಟ್ ಮಾಡಿಸಿದ ವಾಲ್ವ್‌ನ ಸಂತತಿಯೇ ಇವತ್ತಿಗೂ ನಡೆಯುತ್ತಿದೆ. ಪಿನ್ ತಿರುಗಿಸುವ ಚಿಕ್ಕ ಕೀಲಿ, ನಾಲ್ಕು ಪಿನ್, ನಾಲ್ಕು ಕ್ಯಾಪ್ ಗಾಡಿಯಲ್ಲಿ ಇಟ್ಟುಕೊಳ್ಳಿ. ಬೆರಳಿನ ಬಲಕ್ಕೆ ಬಿಗಿಯಾದರೆ ಸಾಕು. ಆದರೆ ಪಿನ್ ಬಿಚ್ಚಿದ ಕೂಡಲೇ ಟಯರ್ ಪೂರ್ತಿ ಖಾಲಿಯಾಗುತ್ತದೆ, ಗಾಳಿ ತುಂಬಲು ಕಂಪ್ರೆಸರ್ ಪಕ್ಕದಲ್ಲಿರಬೇಕು.

ಪೂರ್ತಿ ವಾಲ್ವ್ ಬದಲಿಸಲು ಟಯರನ್ನು ಡಿಸ್ಕ್‌ನಿಂದ ಬಿಡಿಸಬೇಕು. ಅದು ಅಂಗಡಿಯ ಕೆಲಸ, ಅದರಲ್ಲೂ ಟಯರನ್ನು ಹಿಡಿದಿಡುವ ಲೋಹದ ರಿಂಗ್ ಬೇರೆಯಾಗಿ ಇರುವ ಹಳೇ ಡಿಸ್ಕ್ ಆದರೆ ಮುಟ್ಟಲೇಬೇಡಿ, ಆ ರಿಂಗ್ ಹಾರಿದರೆ ಜೀವವೇ ಹೋಗುತ್ತದೆ. ಹೇಗೂ ಹೊಸ ಟಯರ್ ಹಾಕಿಸುವ ದಿನ ಬರುತ್ತದಲ್ಲ, ಅವತ್ತೇ ವಾಲ್ವನ್ನೂ ಮಾಡಿಸಿ, ಮಜೂರಿ ಉಳಿಯುತ್ತದೆ. ಮೊದಲೇ ಲೋಹದ ವಾಲ್ವ್ ಇದ್ದರೆ ಗ್ರೊಮೆಟ್ ಮತ್ತು ಪಿನ್ ಮಾತ್ರ ಹೊಸದು ಹಾಕಿಸಿದರೆ ಆಯಿತು. ನಟ್ ಬಿಗಿಯುವಾಗ ಹುಡುಗ ಮೈಯೆಲ್ಲಾ ಭಾರ ಹಾಕಿದರೆ ತಡೆಯಿರಿ, ಗ್ರೊಮೆಟ್ ಹಿಂಡಿ ಹೊರಗೆ ಬಂದರೆ ವಾರದೊಳಗೆ ಅಲ್ಲೇ ಗುಳ್ಳೆ ಬರುತ್ತದೆ.